ಅಂಕಿಗೊಂದು ಟಿಪ್ಪಣಿ

ಭಾಷ್ಯವಿಲ್ಲದ ಸೂತ್ರಕ್ಕೆ ಓದುವವನು ತನಗೆ ತೋರಿದ ಅರ್ಥವನ್ನೇ ಮಾಡಿಕೊಳ್ಳುವನು. ವ್ಯಾಕರಣದಲ್ಲಿ ಇದರಿಂದಾಗುವ ನಷ್ಟವು ಸ್ವಲ್ಪ. ರಕ್ತಪರೀಕ್ಷೆಯ ಕಾಗದದಲ್ಲಿಯಾದರೆ ಹಾಗಲ್ಲ. ಅರಕಲಗೂಡಿನಂಥ ಊರಿನಲ್ಲಿ ತೆಗೆದ ರಕ್ತವು ಹಾಸನಕ್ಕೋ ಬೆಂಗಳೂರಿಗೋ ಹೋಗುವುದು. ಫಲವು ಮರುದಿನವೇ ರೋಗಿಯ ಮಗನ ಮೊಬೈಲಿಗೆ ಬಂದುಬಿಡುವುದು. ವೈದ್ಯರು ನೋಡುವುದಕ್ಕೆ ಮೊದಲೇ ಮನೆಮಂದಿಯೆಲ್ಲ ನೋಡಿ ಕಂಗೆಡುವರು.

ನಮ್ಮ ಬಂಧುಗಳೊಬ್ಬರಿಗೆ ಅರುವತ್ತೆಂಟರ ವಯಸ್ಸು. ಮೂತ್ರ ಕಟ್ಟಿ ನಳಿಗೆ ಹಾಕಿಸಿಕೊಂಡ ನಾಲ್ಕನೆಯ ದಿವಸ ಪಿ.ಎಸ್.ಎ. ಎಂಬ ಪರೀಕ್ಷೆಯಾಯಿತು. 11.6 ಎಂದು ದಪ್ಪಕ್ಷರದಲ್ಲಿ ಅಚ್ಚಾಗಿ ಬಂದಿತು. ಪಕ್ಕದಲ್ಲಿ, 4ರೊಳಗಿರಬೇಕೆಂಬ ಸೂಚನೆ. ಮತ್ತೊಂದು ಮಾತಿಲ್ಲ. ಆ ರಾತ್ರಿ ಆ ಮನೆಯಲ್ಲಿ ಯಾರೂ ಊಟಕ್ಕೇಳಲಿಲ್ಲ. ಮಗನು ಜಮೀನನ್ನು ಅಡವಿಡುವ ಮಾತನ್ನಾಡಿದನು; ಮೊಮ್ಮಗಳ ಮದುವೆಯು ಮುಂದಕ್ಕೆ ಹೋಯಿತು. ನಮ್ಮೂರಿನ ಡಾಕ್ಟರು ಹಳಬರು. ಅವರು ಸೋಂಕಿಗೆ ಔಷಧವನ್ನು ಕೊಟ್ಟು, ನಳಿಗೆ ತೆಗೆದು ಎರಡು ತಿಂಗಳಾದ ಮೇಲೆ ಅಲ್ಲಿಯೇ ಮತ್ತೆ ಪರೀಕ್ಷೆ ಮಾಡಿಸಿದರು. ಬಂದದ್ದು 3.1.

ತಾರ್ಕಿಕರು ಲಕ್ಷಣಕ್ಕೆ ಅತಿವ್ಯಾಪ್ತಿ, ಅವ್ಯಾಪ್ತಿಗಳೆಂಬ ದೋಷಗಳನ್ನು ಹೇಳುವರು. ಕೊಂಬುಳ್ಳದ್ದು ಹಸುವೆಂದರೆ ಎಮ್ಮೆಗೂ ಸಲ್ಲುವುದು. ಕಪಿಲವರ್ಣದ್ದೆಂದರೆ ಬಿಳಿಯ ಹಸುವಿಗೆ ಸಲ್ಲದು. ಅರ್ಬುದಸೂಚಕಗಳೆಂಬ ಈ ರಕ್ತದ್ರವ್ಯಗಳಿಗೆ ಎರಡು ದೋಷಗಳೂ ಉಂಟು. ಪ್ರಾಸ್ಟೇಟ್ ಗ್ರಂಥಿಯು ವಯಸ್ಸಿನಿಂದ ಬರಿದೇ ದೊಡ್ಡದಾದರೂ ಪಿ.ಎಸ್.ಎ. ಏರುವುದು. ಸಿ.ಎ. 125 ಎಂಬುದು ಮುಟ್ಟಿನ ದಿನಗಳಲ್ಲಿಯೂ ಗರ್ಭಿಣಿಯರಲ್ಲಿಯೂ ಹೊಟ್ಟೆಯ ಕ್ಷಯದಲ್ಲಿಯೂ ಹೆಚ್ಚಬಹುದು. ಅಂಡಾಶಯದ ಅರ್ಬುದವೇ ಇದ್ದು, ಆರಂಭದಲ್ಲಿ ಏರದೆಯೂ ಇರಬಹುದು. 1965ರಲ್ಲಿ ಗೋಲ್ಡ್, ಫ್ರೀಡ್‌ಮನ್ ಎಂಬ ಪಂಡಿತರು ಪ್ರಕಟಿಸಿದ ಸಿ.ಇ.ಎ. ಧೂಮಪಾನಿಗಳಲ್ಲಿ ಸ್ವಲ್ಪ ಹೆಚ್ಚಾಗಿಯೇ ಇರುವುದುಂಟು. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ನಮ್ಮ ತಾಲ್ಲೂಕಿನವರು ಇದನ್ನು ಮರೆಯಲಾಗದು. ರೋಗವು ಗೊತ್ತಾದವರ ಚಿಕಿತ್ಸೆಯು ಫಲಿಸುತ್ತಿದೆಯೇ ಎಂದು ನೋಡುವುದೇ ಇವುಗಳಲ್ಲಿ ಬಹುಪಾಲಿನ ಮುಖ್ಯ ಪ್ರಯೋಜನ. ಆದರೂ 'ಪೂರ್ಣ ತಪಾಸಣೆ'ಯೆಂಬ ಹೆಸರಿನಿಂದ, ಆರೋಗ್ಯವಂತರಿಗೂ ಒಟ್ಟು ದರದಲ್ಲಿ ಮಾರುತ್ತಾರೆ!

ಆದುದರಿಂದ ಪ್ರಯೋಗಶಾಲೆಯವರು ಅಂಕಿಯ ಕೆಳಗೆ ಎರಡು ಮೂರು ಪಂಕ್ತಿಗಳ ಟಿಪ್ಪಣಿಯನ್ನು ಬರೆಯತಕ್ಕದ್ದು. 'ರೋಗಲಕ್ಷಣಗಳೊಡನೆ ಹೋಲಿಸಿ ನೋಡುವುದು' ಎಂದು ಎಲ್ಲರ ಕಾಗದದಲ್ಲಿಯೂ ಅಚ್ಚು ಹಾಕುವುದು ಟಿಪ್ಪಣಿಯಲ್ಲ. ಅದು ಪುರೋಹಿತರ ಸಾಮೂಹಿಕ ಆಶೀರ್ವಾದದಂತೆ. 'ಸೋಂಕು ಅಥವಾ ನಳಿಗೆ ಇದ್ದಲ್ಲಿ ಅದು ನಿವಾರಣೆಯಾಗಿ ಕೆಲವು ವಾರಗಳಾದ ಮೇಲೆ, ಇದೇ ವಿಧಾನದಿಂದ ಪುನಃ ಪರೀಕ್ಷಿಸಿರಿ' ಎಂದಿದ್ದರೆ ಕುಟುಂಬವೈದ್ಯರಿಗೆ ದಾರಿ ಕಾಣುವುದು. ವಿಧಾನವೊಂದೇ ಇರಬೇಕೆಂಬುದೇಕೆಂದರೆ, ಬೇರೆ ಬೇರೆ ಯಂತ್ರಗಳ ಅಂಕಿಗಳು ಒಂದನ್ನೊಂದು ಹೋಲುವುದಿಲ್ಲ. ಹುಸಿ ಧೈರ್ಯಕ್ಕೂ ಎಚ್ಚರಿಕೆ ಬೇಕು. ಗ್ರಂಥಿಯನ್ನು ಕುಗ್ಗಿಸುವ ಫಿನಾಸ್ಟಿರೈಡ್ ಗುಳಿಗೆಯನ್ನು ಆರು ತಿಂಗಳಿಗೆ ಮೇಲ್ಪಟ್ಟು ಸೇವಿಸುವವರಲ್ಲಿ ಪಿ.ಎಸ್.ಎ. ಸುಮಾರು ಅರ್ಧಕ್ಕಿಳಿಯುವುದು, ಅವರ 3 ಎಂಬುದನ್ನು 6 ಎಂದೇ ಎಣಿಸಬೇಕು. ಅಂಕಿಯು ನೂರನ್ನು ಮೀರಿದಲ್ಲಿ ಟಿಪ್ಪಣಿಗೆ ಕಾಯದೆ ವೈದ್ಯರಿಗೆ ದೂರವಾಣಿ ಮಾಡುವುದೇ ಉಚಿತ. ಅಂಥವರು 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಸ್ಥಳಕ್ಕೆ ತಡಮಾಡದೆ ಹೋಗಬೇಕು.

ವೈದ್ಯರ ಕಡೆಯದೂ ಒಂದು ಕರ್ತವ್ಯವಿದೆ. ನಳಿಗೆಯ ಸಂಗತಿಯಾಗಲಿ ಗುಳಿಗೆಯ ಸಂಗತಿಯಾಗಲಿ ಚೀಟಿಯಲ್ಲಿ ಬರೆಯದಿದ್ದರೆ ಹಾಸನದಲ್ಲಿ ಕುಳಿತವರಿಗೆ ತಿಳಿಯುವುದೆಂತು? ನಮ್ಮ ಡಾಕ್ಟರು ಈಚೆಗೆ ಚೀಟಿಯ ಹಿಂಬದಿಯಲ್ಲಿ ಎಲ್ಲವನ್ನೂ ವಿವರವಾಗಿ ಬರೆದು ಕಳುಹಿಸುತ್ತಾರೆ. ಉತ್ತರವಾಗಿ ಇದುವರೆಗೆ ಬರುತ್ತಿರುವುದು ಅಂಕಿಯೊಂದೇ.