ಸಂತೆ ಮಾತ್ರೆ

ಹದಿಮೂರು ವರ್ಷದಿಂದ ಸಾಫ್ಟ್‌ವೇರ್ ಕೆಲಸ ಮಾಡ್ತಿದೀನಿ. ನನ್ನ ಕೋಡ್‌ನಿಂದ ಒಂದು ಸಲ ನಮ್ಮ ಸೈಟ್ ನಲವತ್ತು ನಿಮಿಷ ಬಿದ್ದು ಹೋಗಿತ್ತು. ನನ್ನ ಜೀವನದ ದೊಡ್ಡ ತಪ್ಪು ಅದೇ ಅಂತ ತುಂಬಾ ದಿನ ಅಂದ್ಕೊಂಡಿದ್ದೆ. ಆದರೆ ಅದಕ್ಕಿಂತ ದೊಡ್ಡದನ್ನು ನಾನು ಮಾಡಿದ್ದು ಒಂದು ಎಕ್ಸೆಲ್ ಶೀಟಿನಲ್ಲಿ. ಅದು ನಮ್ಮವ್ವನ ಮಾತ್ರೆಗಳ ಪಟ್ಟಿ.

ಅವ್ವನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಬೆಳಗ್ಗೆ ಎದ್ದರೆ ಬೆರಳು ಮಡಚೋಕೆ ಆಗ್ತಿರಲಿಲ್ಲ, ರಾಗಿಮುದ್ದೆ ತಿರುವೋದು ನಿಂತೇ ಹೋಗಿತ್ತು. ಡಾಕ್ಟರು ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆ ಬರೆದುಕೊಟ್ಟರು. ವಾರಕ್ಕೆ ಒಂದೇ ಒಂದು, ಹತ್ತು ಮಿಲಿಗ್ರಾಂ. ಉಳಿದ ಆರು ದಿನ ಫೋಲಿಕ್ ಆಸಿಡ್. ಎರಡು ಮೂರು ಸಲ ಒತ್ತಿ ಹೇಳಿದರು, ನಾನೂ ತಲೆ ಆಡಿಸಿದೆ. ಇದರ ಜೊತೆಗೆ ಬಿಪಿದು, ಥೈರಾಯ್ಡ್‌ದು, ಕ್ಯಾಲ್ಸಿಯಂದು ಬೇರೆ. ಅವ್ವ ಊರಲ್ಲಿ ಒಬ್ಬಳೇ. ಇಂಗ್ಲಿಷ್ ಓದೋಕೆ ಬರಲ್ಲ. ಹಾಗಾಗಿ ಏಳು ಖಾನೆಯ ಮಾತ್ರೆ ಡಬ್ಬಿ ಎರಡು ತಂದೆ. ಹದಿನೈದು ದಿನಕ್ಕೊಮ್ಮೆ ಊರಿಗೆ ಹೋದಾಗ ತುಂಬಿಟ್ಟು ಬರೋದು, ಪಟ್ಟಿಯ ಪ್ರಿಂಟ್ ಒಂದನ್ನ ಗೋಡೆಗೆ ಅಂಟಿಸೋದು. ಅವ್ವ ಬಂದವರಿಗೆಲ್ಲ ತೋರಿಸೋಳು. "ನನ್ ಮಗ ಇಂಜಿನಿಯರ್ರು, ಎಂಗ್ ಮಾಡಿಕೊಟ್ಟವ್ನೆ ನೋಡ್ರಿ."

ಇಲ್ಲಿ ಒಂದು ವಿಷಯ. ಆ ಎರಡು ಮಾತ್ರೆಯೂ ಹಳದಿ, ಎರಡೂ ಸಣ್ಣವು. ನಾವು ತರುತ್ತಿದ್ದ ಎರಡು ಬ್ರ್ಯಾಂಡ್‌ಗಳ ಹೆಸರೂ 'ಫೋಲ್' ಅಂತಲೇ ಶುರುವಾಗ್ತಿದ್ದವು. ನಾನು ಶೀಟಿನಲ್ಲಿ ಜಾಗ ಉಳಿಸೋಕೆ ಫೋಲ್-1, ಫೋಲ್-2 ಅಂತ ಹಾಕಿದ್ದೆ. ಕೋಡ್ ರಿವ್ಯೂನಲ್ಲಿ ಜೂನಿಯರ್ ಹುಡುಗ್ರು ವೇರಿಯೆಬಲ್‌ಗೆ ಟೆಂಪ್-1, ಟೆಂಪ್-2 ಅಂತ ಹೆಸರಿಟ್ಟರೆ ವಾಪಸ್ ಕಳಿಸೋನು ನಾನೇ.

2022ರ ಆಗಸ್ಟ್ ಕೊನೆಯ ಒಂದು ಭಾನುವಾರ ರಾತ್ರಿ, ಕಿವಿಯಲ್ಲಿ ಇಯರ್‌ಫೋನ್ ಹಾಕ್ಕೊಂಡು ಆಫೀಸಿನ ರಿಲೀಸ್ ಕಾಲ್‌ನಲ್ಲಿ ಕೂತೇ ಡಬ್ಬಿ ತುಂಬಿದೆ. ಫೋಲ್-1 ಯಾವುದು, ಫೋಲ್-2 ಯಾವುದು ಅನ್ನೋದು ಅದಲುಬದಲಾಯಿತು.

ಒಂದು ವಾರ ಕಳೆದ ಮೇಲೆ ಅವ್ವ ಫೋನಿನಲ್ಲಿ, "ಬಾಯೆಲ್ಲ ಹುಣ್ಣು ಕಣಪ್ಪ, ಖಾರ ಬಾಯಿಗಿಡಕ್ ಆಗಲ್ಲ" ಅಂದಳು. "ಉಷ್ಣ ಆಗಿರುತ್ತೆ, ಮಜ್ಜಿಗೆ ಕುಡಿ" ಅಂದೆ. ಇನ್ನೂ ಮೂರು ದಿನಕ್ಕೆ ಜ್ವರ. ಪಕ್ಕದ ಮನೆಯವರು ಕಾರು ಮಾಡಿಕೊಂಡು ಬೆಂಗಳೂರಿಗೆ ಕರ್ಕೊಂಡು ಬಂದರು. ಎಮರ್ಜೆನ್ಸಿಯಲ್ಲಿ ರಕ್ತ ಪರೀಕ್ಷೆ ಮಾಡಿದರೆ ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ಮಳೆಗಾಲ, ಬೆಂಗಳೂರು, ಜ್ವರ. ಡೆಂಗಿ ಅಂತ ಎಲ್ಲರಿಗೂ ಅನುಮಾನ. ಯಾವ ಮಾತ್ರೆ ತಗೊಳ್ತಾರೆ ಅಂತ ಕೇಳಿದಾಗ ನಾನು ಹೆಮ್ಮೆಯಿಂದ ಮೊಬೈಲಲ್ಲಿದ್ದ ಪಟ್ಟಿ ಓದಿ ಹೇಳಿದೆ. ಅದರಲ್ಲಿ ಎಲ್ಲ ಸರಿಯಾಗೇ ಇತ್ತು. ಮೆಥೊಟ್ರೆಕ್ಸೇಟ್, ವಾರಕ್ಕೊಮ್ಮೆ. ಡಾಕ್ಟರು ಬರ್ಕೊಂಡರು.

ಡೆಂಗಿ ಟೆಸ್ಟ್ ನೆಗೆಟಿವ್ ಬಂತು. ಮರುದಿನ ಬೆಳಗ್ಗೆ ವಾರ್ಡಿಗೆ ಬಿಳಿ ಕೋಟು ಹಾಕಿಕೊಂಡ ಒಬ್ಬ ಹೆಣ್ಣುಮಗಳು ಬಂದರು. ಮೂವತ್ತರ ಒಳಗಿನ ವಯಸ್ಸು. ಡ್ಯೂಟಿ ಡಾಕ್ಟರ್ ಇರಬೇಕು ಅಂದ್ಕೊಂಡು ಎದ್ದು ನಿಂತೆ. "ನಾನು ಇಲ್ಲಿಯ ಕ್ಲಿನಿಕಲ್ ಫಾರ್ಮಸಿಸ್ಟ್ ಸರ್" ಅಂದರು. ನನಗೆ ಗೊತ್ತಿದ್ದ ಫಾರ್ಮಸಿಸ್ಟ್ ಅಂದರೆ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡೋರು. ಬಿಲ್ ಏನಾದ್ರೂ ಬಾಕಿ ಇದೆಯಾ ಅಂತ ಕೇಳಿಬಿಟ್ಟೆ.

ಅವರು ನಕ್ಕು, ಅವ್ವನ ಪಕ್ಕ ಸ್ಟೂಲ್ ಎಳ್ಕೊಂಡು ಕೂತರು. "ಅಮ್ಮಾ, ಮನೇಲಿ ಯಾವ್ಯಾವ ಮಾತ್ರೆ ತಗೋತೀರಿ? ನಾಟಿ ಔಷಧಿ, ಕಷಾಯ ಏನಾದ್ರೂ ಉಂಟಾ?" ನಾನು ಮೊಬೈಲ್ ಮುಂದೆ ಹಿಡಿದೆ. ಅವರು ಅದನ್ನ ನೋಡಿ ವಾಪಸ್ ಕೊಟ್ಟರು. "ಪಟ್ಟಿ ಚೆನ್ನಾಗಿದೆ ಸರ್. ಡಬ್ಬಿ ತಂದಿದೀರಾ?"

ಡಬ್ಬಿ ಅವ್ವನ ಬ್ಯಾಗಿನಲ್ಲೇ ಇತ್ತು. ಅವರು ಒಂದೊಂದೇ ಖಾನೆ ತೆಗೆದು ನೋಡಿದರು. ಆಗಲೇ ಖಾಲಿಯಾದವು, ಇನ್ನೂ ಉಳಿದವು. ಒಂದು ಹಳದಿ ಮಾತ್ರೆ ಅಂಗೈ ಮೇಲೆ ಇಟ್ಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಇನ್ನೊಂದು ಖಾನೆಯದ್ದು. ಬ್ಯಾಗಿನಲ್ಲಿದ್ದ ಸ್ಟ್ರಿಪ್ ಎಣಿಸಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ. "ಈ ಡಬ್ಬಿ ತುಂಬಿದ್ದು ಯಾರು?" ಅಂತ ಮೆಲ್ಲಗೆ ಕೇಳಿದರು.

ನಾನು ಬಾಯಿ ತೆಗೆಯೋ ಮೊದಲೇ ಅವ್ವ, "ನಾನೇ ಕಣಮ್ಮ ತುಂಬಿದ್ದು. ಕಣ್ಣು ಕಾಣಲ್ಲ, ಏನೋ ಎಚ್ಚುಕಮ್ಮಿ ಆಗಿರ್ಬೇಕು" ಅಂದಳು.

ಆಗ ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಅಂತ ನೆನಪಿಲ್ಲ, ಹತ್ತು ಸೆಕೆಂಡ್ ಇರಬಹುದು. ಡ್ರಿಪ್ ಹಾಕಿದ ಕೈಯನ್ನ ಹೊದಿಕೆಯೊಳಗೆ ಎಳ್ಕೊಂಡು, ಹುಣ್ಣಾದ ಬಾಯಲ್ಲಿ ಕಷ್ಟಪಟ್ಟು ಮಾತಾಡಿ ಅವಳು ನನ್ನ ಮರ್ಯಾದೆ ಉಳಿಸೋಕೆ ಸುಳ್ಳು ಹೇಳ್ತಿದ್ದಾಳೆ. ನಾನು ಅದರ ಹಿಂದೆ ಅಡಗಿ ನಿಂತಿದ್ದೀನಿ. ಆಮೇಲೆ "ಇಲ್ಲ ಮೇಡಂ, ತುಂಬಿದ್ದು ನಾನು" ಅಂದೆ.

ಹನ್ನೊಂದು ದಿನದಲ್ಲಿ ಹತ್ತು ಮಾತ್ರೆ. ಹತ್ತು ವಾರದ ಔಷಧಿ.

ಆಮೇಲಿನದು ಬೇಗ ಬೇಗ ಆಯಿತು. ಫಾರ್ಮಸಿಸ್ಟ್ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದರು. ಮೂತ್ರಪಿಂಡದ ಪರೀಕ್ಷೆ ಮತ್ತೆ ಮಾಡಿಸಿದರು, ಈ ಔಷಧಿ ಹೊರಗೆ ಹೋಗಬೇಕಾದರೆ ಅದೇ ದಾರಿ. ಅವ್ವನನ್ನ ಬೇರೆ ರೂಮಿಗೆ ಹಾಕಿದರು. ಫೋಲಿನಿಕ್ ಆಸಿಡ್ ಅನ್ನೋ ಇಂಜೆಕ್ಷನ್ ಶುರುವಾಯಿತು. ಐದು ದಿನ ಬಿಳಿ ರಕ್ತಕಣದ ಲೆಕ್ಕ ಏಳಲೇ ಇಲ್ಲ. ದಿನಾ ಬೆಳಗ್ಗೆ ರಿಪೋರ್ಟ್ ಬರೋವರೆಗೆ ಕಾರಿಡಾರಿನಲ್ಲಿ ನಿಂತಿರ್ತಿದ್ದೆ. ಆರನೇ ದಿನ ಅಂಕಿ ಸ್ವಲ್ಪ ಮೇಲೆ ಬಂತು. ಹನ್ನೆರಡನೇ ದಿನ ಅವ್ವ ಡಿಸ್ಚಾರ್ಜ್ ಆದಳು.

ಆ ಹನ್ನೆರಡು ದಿನದಲ್ಲಿ ಫಾರ್ಮಸಿಸ್ಟ್ ಮೇಡಂ ದಿನಾ ಬರ್ತಿದ್ದರು. ಮೈಸೂರಿನಲ್ಲಿ ಫಾರ್ಮ್-ಡಿ ಓದಿದವರು. ಆರು ವರ್ಷದ ಕೋರ್ಸು, ನಮ್ಮ ಬಿಇಗಿಂತ ಎರಡು ವರ್ಷ ಜಾಸ್ತಿ. ಮೆಥೊಟ್ರೆಕ್ಸೇಟ್ ಹೇಗೆ ಕೆಲಸ ಮಾಡುತ್ತೆ ಅಂತ ಅವರೇ ಬಿಡಿಸಿ ಹೇಳಿದ್ದು. ಜೀವಕೋಶ ಹೊಸದಾಗಿ ಹುಟ್ಟಬೇಕಾದರೆ ಫೋಲೇಟ್ ಬೇಕು. ಈ ಔಷಧಿ ಅದಕ್ಕೆ ಅಡ್ಡ ನಿಲ್ಲುತ್ತೆ. ವಾರಕ್ಕೊಮ್ಮೆ ಕೊಟ್ಟರೆ ಕೀಲಿನ ಉರಿಯೂತ ತಣ್ಣಗಾಗುತ್ತೆ. ದಿನಾ ಕೊಟ್ಟರೆ ಬೇಗ ಬೇಗ ಹುಟ್ಟೋ ಜೀವಕೋಶಗಳೆಲ್ಲ ಮೊದಲು ಸೊರಗುತ್ತವೆ: ಬಾಯೊಳಗಿನ ಚರ್ಮ, ಮೂಳೆಯೊಳಗಿನ ಮಜ್ಜೆ. ಬಾಯಿ ಹುಣ್ಣು ಅದರ ಮೊದಲ ಎಚ್ಚರಿಕೆ. ನಾನು ಮಜ್ಜಿಗೆ ಕುಡಿ ಅಂದಿದ್ದೆ.

ಇನ್ನೊಂದು ವಿಷಯವನ್ನೂ ಹೇಳಿದರು. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅನ್ನೋ ವಿಜ್ಞಾನಿ ಇದ್ದರಂತೆ. ಫೋಲಿಕ್ ಆಸಿಡ್ಡನ್ನ ಕೃತಕವಾಗಿ ತಯಾರಿಸಿದ್ದು, ಮೆಥೊಟ್ರೆಕ್ಸೇಟ್ ರೂಪಿಸಿದ್ದು ಎರಡೂ 1940ರ ದಶಕದಲ್ಲಿ ಅವರ ತಂಡವೇ. ನಾನು ಅದಲುಬದಲು ಮಾಡಿದ ಎರಡೂ ಹಳದಿ ಮಾತ್ರೆ ಒಂದೇ ಪ್ರಯೋಗಾಲಯದಿಂದ ಬಂದವು.

ಒಂದು ಮಧ್ಯಾಹ್ನ ಬಿಲ್ ಕಟ್ಟೋಕೆ ಹೋದಾಗ ಬೇಸ್‌ಮೆಂಟಿನ ಫಾರ್ಮಸಿಯ ಗಾಜಿನಾಚೆಯಿಂದ ಕರೆದರು. ಹತ್ತು ನಿಮಿಷ ಒಳಗೆ ನಿಂತು ನೋಡಿದೆ. ಗೋಡೆಗೆ ಒತ್ತಿ ಫ್ರಿಜ್ಜುಗಳು, ಬಾಗಿಲ ಮೇಲೆ ಉಷ್ಣತೆ ಬರೆದಿಡೋ ಹಾಳೆ. ಇನ್ಸುಲಿನ್, ಲಸಿಕೆ ಎಲ್ಲ 2ರಿಂದ 8 ಡಿಗ್ರಿ ಒಳಗೇ ಇರಬೇಕು. ಕೆಟ್ಟ ಇನ್ಸುಲಿನ್ ನೋಡೋಕೆ ಒಳ್ಳೆಯದರ ಹಾಗೇ ಕಾಣಬಹುದು, ಅದಕ್ಕೇ ಬರೆದಿಡೋದು. ಬೇಗ ಎಕ್ಸ್‌ಪೈರಿ ಆಗೋದು ಮುಂದೆ, ತಡವಾಗಿ ಆಗೋದು ಹಿಂದೆ. ನಮ್ಮಜ್ಜಿ ಹೊಸ ರಾಗಿ ಬಂದರೂ ಹಳೇ ರಾಗಿ ಮುಗಿಯೋವರೆಗೆ ಮುಟ್ಟೋಕೆ ಬಿಡ್ತಿರಲಿಲ್ಲ, ಅದೇ ಲೆಕ್ಕ.

ಡೋಪಮಿನ್, ಡೋಬ್ಯುಟಮಿನ್ ಎರಡನ್ನೂ ಬೇಕಂತಲೇ ದೂರ ದೂರ ಇಟ್ಟಿದ್ದರು. ಹೆಸರಿನಲ್ಲಿ ಬೇರೆ ಇರೋ ಅಕ್ಷರಗಳನ್ನ ಮಾತ್ರ ದೊಡ್ಡದಾಗಿ ಅಚ್ಚು ಹಾಕಿಸಿ ಅಂಟಿಸಿದ್ದರು. ಗಟ್ಟಿ ಪೊಟ್ಯಾಸಿಯಂ ಕ್ಲೋರೈಡ್ ಬೀಗದೊಳಗೆ. ಅದನ್ನ ದ್ರವದಲ್ಲಿ ಬೆರೆಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತು ಹೋಗುತ್ತೆ. ಹಾಗಾಗಿ ಮಾಮೂಲಿ ವಾರ್ಡುಗಳಲ್ಲಿ ಅದನ್ನ ಇಡೋದೇ ಇಲ್ಲ. "ಹುಷಾರಾಗಿರಿ ಅಂತ ಬೋರ್ಡ್ ಹಾಕೋದಕ್ಕಿಂತ ಆ ಜಾಗದಲ್ಲಿ ಆ ಬಾಟ್ಲೇ ಇಲ್ಲದ ಹಾಗೆ ಮಾಡೋದು ಸುಲಭ ಸರ್" ಅಂದರು. ಇನ್ಸುಲಿನ್ ಆರ್ಡರಿನಲ್ಲಿ 'ಯೂನಿಟ್' ಅಂತ ಪೂರ್ತಿ ಬರೀಬೇಕು. ಬರೀ ಇಂಗ್ಲಿಷಿನ 'ಯು' ಬರೆದರೆ ಅವಸರದಲ್ಲಿ ಅದು ಸೊನ್ನೆ ಥರ ಕಂಡು 4 ಯೂನಿಟ್ 40 ಆಗುತ್ತೆ.

ಅವರ ಕಂಪ್ಯೂಟರ್ ಪರದೆ ಮೇಲೆ ಎಚ್ಚರಿಕೆ ಒಂದಾದ ಮೇಲೊಂದು ಬರ್ತಿತ್ತು. "ಇದನ್ನೆಲ್ಲ ಓದ್ತೀರಾ?" ಕೇಳಿದೆ. "ನಾವು ಓದ್ತೀವಿ. ರಾತ್ರಿ ಎರಡು ಗಂಟೆಗೆ ಇಪ್ಪತ್ತನೇ ಎಚ್ಚರಿಕೆ ಬಂದ್ರೆ ಯಾರಾದ್ರೂ ಓಕೆ ಒತ್ತಿ ಮುಂದೆ ಹೋಗ್ತಾರೆ. ಮುಖ್ಯವಾದದ್ದು ಬೇಡದ್ದರ ಮಧ್ಯೆ ಕಳೆದುಹೋಗುತ್ತೆ. ನೀವು ಸಾಫ್ಟ್‌ವೇರ್‌ನೋರಲ್ವಾ? ನಿಮ್ಮೋರಿಗೆ ಹೇಳಿ." ನಾನು ಏನೂ ಹೇಳಲಿಲ್ಲ. ನಮ್ಮ ಪ್ರಾಡಕ್ಟಿನಲ್ಲೂ ಅಂಥ ಪಾಪ್‌ಅಪ್‌ಗಳಿವೆ, ಕೆಲವು ನಾನೇ ಹಾಕಿದ್ದು. ಹಾಕಿಬಿಟ್ಟರೆ ನಮ್ಮ ಜವಾಬ್ದಾರಿ ಮುಗೀತು ಅನ್ನೋ ಧೈರ್ಯ.

ಮೆಥೊಟ್ರೆಕ್ಸೇಟ್‌ಗೇ ಒಂದು ನಿಯಮ ಇದೆಯಂತೆ. ಅಮೆರಿಕದ ಇನ್‌ಸ್ಟಿಟ್ಯೂಟ್ ಫಾರ್ ಸೇಫ್ ಮೆಡಿಕೇಶನ್ ಪ್ರಾಕ್ಟಿಸಸ್ ಅನ್ನೋ ಸಂಸ್ಥೆ ಆಸ್ಪತ್ರೆಗಳಿಗೆ ಸಲಹೆ ಕೊಟ್ಟಿರೋದು: ಕಂಪ್ಯೂಟರಿನಲ್ಲಿ ಈ ಮಾತ್ರೆ ಆರಿಸಿದ ತಕ್ಷಣ 'ವಾರಕ್ಕೊಮ್ಮೆ' ಅನ್ನೋದೇ ಡೀಫಾಲ್ಟ್ ಆಗಿರಬೇಕು. ಯಾರಾದರೂ 'ದಿನಾ' ಅಂತ ಬದಲಿಸಿದರೆ, ಕ್ಯಾನ್ಸರ್ ಚಿಕಿತ್ಸೆಗೆ ಹೌದಾ ಅಂತ ಖಾತ್ರಿಯಾಗೋವರೆಗೆ ಮುಂದಕ್ಕೇ ಬಿಡಬಾರದು. ಹಾಗೊಂದು ನಿಯಮ ಇದೆ ಅಂದರೆ ಈ ತಪ್ಪು ಮಾಡಿದವರಲ್ಲಿ ನಾನು ಮೊದಲನೆಯವನಲ್ಲ. ಡಾಕ್ಟರು, ನರ್ಸು, ಫಾರ್ಮಸಿಸ್ಟುಗಳೂ ಮಾಡಿದ್ದಾರೆ. ಸಮಾಧಾನ ಆಗಬೇಕಿತ್ತು, ಆಗಲಿಲ್ಲ.

ಹೊರಡೋ ಮುಂಚೆ ಇನ್ನೊಂದು ಮಾತು ಕೇಳಿದೆ. "ಮೊದಲ ದಿನ ನೀವು ಪಟ್ಟಿ ಬಿಟ್ಟು ಡಬ್ಬಿ ಯಾಕೆ ಕೇಳಿದ್ರಿ?"

"ಪಟ್ಟೀಲಿ ತಗೋಬೇಕಾಗಿದ್ದು ಇರುತ್ತೆ ಸರ್. ಡಬ್ಬೀಲಿ ತಗೊಂಡಿದ್ದು ಇರುತ್ತೆ."

ಮೇಜಿನ ಮೇಲೆ ಒಂದು ರಿಜಿಸ್ಟರ್ ಇತ್ತು. ಆಸ್ಪತ್ರೆಯಲ್ಲಿ ಆದ, ಆಗೋದ್ರಲ್ಲಿದ್ದು ತಪ್ಪಿದ ಎಡವಟ್ಟುಗಳನ್ನೆಲ್ಲ ಅದರಲ್ಲಿ ಬರೀತಾರೆ. ನಮ್ಮ ಕೇಸೂ ಬರೆದಿದ್ದರು: ಮನೆಯಲ್ಲಿ ಡಬ್ಬಿ ತುಂಬುವಾಗ ಒಂದೇ ಥರದ ಎರಡು ಮಾತ್ರೆ ಅದಲುಬದಲು. ಯಾರು ತುಂಬಿದ್ದು ಅನ್ನೋ ಕಾಲಮ್ಮೇ ಅದರಲ್ಲಿ ಇರಲಿಲ್ಲ. "ಹೆಸರು ಹಾಕಿದ್ರೆ ಮುಂದಿನ ತಿಂಗಳಿಂದ ಯಾರೂ ಹೇಳಲ್ಲ. ಹೇಳದಿದ್ರೆ ನಮಗೆ ಗೊತ್ತಾಗಲ್ಲ. ನಿಮ್ಮಮ್ಮ ಅವತ್ತು ಹೇಳಿದ್ದೇ ನಿಜ ಅಂದ್ಕೊಂಡಿದ್ರೆ, ನಾವು ಅವರಿಗೆ ಕನ್ನಡಕ ಬರೆಸಿ ಕಳಿಸ್ತಿದ್ವಿ. ನೀವು ಮತ್ತೆ ಅದೇ ಶೀಟಿಂದ ತುಂಬ್ತಿದ್ರಿ" ಅಂದರು.

ಅದು ಸೆಪ್ಟೆಂಬರ್ 17ರ ಆಸುಪಾಸು. ವಿಶ್ವ ರೋಗಿ ಸುರಕ್ಷತಾ ದಿನದ ಪೋಸ್ಟರ್ ಲಿಫ್ಟಿನ ಪಕ್ಕ ಅಂಟಿಸಿದ್ದರು. ಆ ವರ್ಷದ ವಿಷಯ ಔಷಧ ಸುರಕ್ಷತೆ. ದಿನಕ್ಕೆ ನಾಲ್ಕು ಸಲ ಅದರ ಮುಂದೆ ಓಡಾಡ್ತಿದ್ದೆ. ಪ್ರತಿ ಸಲವೂ ಅದು ಆಸ್ಪತ್ರೆಯವರಿಗೆ ಹಾಕಿದ್ದು ಅಂತಲೇ ಅಂದ್ಕೊಂಡಿದ್ದೆ. ಅವತ್ತು ಮೇಲೆ ಬಂದು ಹಾಸನದಲ್ಲಿರೋ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಅಲ್ಲಿವರೆಗೂ ಡೆಂಗಿ ಅಂತಲೇ ಹೇಳಿದ್ದೆ. ಅವಳು ಸ್ವಲ್ಪ ಹೊತ್ತು ಅತ್ತಳು, ಆಮೇಲೆ ಬೈದಳು, ಆಮೇಲೆ "ಊಟ ಮಾಡ್ದೇನೋ?" ಅಂದಳು.

ಎರಡು ತಿಂಗಳಾದ ಮೇಲೆ ಡಾಕ್ಟರು ಅದೇ ಔಷಧಿಯನ್ನ ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರು ಮಾಡಿದರು. ನನಗೆ ಭಯ. ಫಾರ್ಮಸಿಸ್ಟ್ ಮೇಡಂ ಅವ್ವನನ್ನ ಕೂರಿಸ್ಕೊಂಡು ಕೇಳಿದರು, "ಅಮ್ಮಾ, ವಾರದಲ್ಲಿ ನೀವು ಮರೆಯೋಕೇ ಆಗದ ದಿನ ಯಾವ್ದು?"

ಅವ್ವ ಯೋಚನೆ ಮಾಡಲಿಲ್ಲ. "ಬುಧವಾರ. ನಮ್ಮೂರ್ ಸಂತೆ."

"ಹಂಗಾದ್ರೆ ಇದು ಸಂತೆ ಮಾತ್ರೆ. ಸಂತೆ ದಿನ ಬಿಟ್ಟು ಬೇರೆ ದಿನ ಮುಟ್ಟಂಗಿಲ್ಲ. ಮರೆತ್ರೆ ಎರಡು ತಗೋಬೇಡಿ, ಫೋನ್ ಮಾಡಿ ಕೇಳಿ. ಬಾಯಿ ಹುಣ್ಣಾದ್ರೆ ಮಾತ್ರೆ ನಿಲ್ಸಿ, ಅವತ್ತೇ ಫೋನ್ ಮಾಡಿ. ಈಗ ನಾನು ಹೇಳಿದ್ದನ್ನ ನೀವು ನನಗೆ ಹೇಳಿ." ಅವ್ವ ಶಾಲೆ ಹುಡುಗಿ ಥರ ಒಪ್ಪಿಸಿದಳು. ಆ ಮಾತ್ರೆ ಡಬ್ಬಿಗೆ ಹೋಗಲೇ ಇಲ್ಲ. ಸಂತೆ ದುಡ್ಡಿನ ಪರ್ಸಿನಲ್ಲಿ, ಒಂದು ಸಣ್ಣ ಕವರಿನಲ್ಲಿ, ಒಂದು ಸಲಕ್ಕೆ ನಾಲ್ಕೇ ನಾಲ್ಕು.

ನಾನು ಶೀಟ್ ಅಳಿಸಿಹಾಕಿದೆ. ಈಗ ಸ್ಟ್ರಿಪ್ ಕೈಯಲ್ಲಿ ಹಿಡಿದು, ಔಷಧಿಯ ಪೂರ್ತಿ ಹೆಸರು ಓದಿ, ಅಕ್ಕನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿ ಡಬ್ಬಿ ತುಂಬ್ತೀನಿ. ಅವಳು ಓದಿದ್ದು ಬಿಎ. ಎರಡು ಸಲ ನನ್ನ ತಪ್ಪು ಹಿಡಿದಿದ್ದಾಳೆ.

ಮುಂದಿನ ವರ್ಷ ಮೇ 10, ವಿಧಾನಸಭೆ ಚುನಾವಣೆ. ಬುಧವಾರ. ಓಟಿನ ದಿನ ಅಂತ ಊರಲ್ಲಿ ಸಂತೆ ರದ್ದು. ಬೆಳಗ್ಗೆ ಕ್ಯೂನಲ್ಲಿ ನಿಂತಾಗ ನನಗೆ ಥಟ್ಟನೆ ಹೊಳೀತು, ಸಂತೆ ಇಲ್ಲ ಅಂದರೆ ಮಾತ್ರೆ? ಇಂಥದ್ದೊಂದು ಕೇಸ್ ನಾವು ಯಾರೂ ಯೋಚನೆ ಮಾಡಿರಲಿಲ್ಲ. ಅಲ್ಲಿಂದಲೇ ಫೋನ್ ಹಚ್ಚಿದೆ.

"ಬೆಳಗ್ಗೇನೇ ತಗಂಡೆ" ಅಂದಳು ಅವ್ವ. "ಸಂತೆ ಇಲ್ದಿದ್ರೆ ಬುಧವಾರ ಎಲ್ಲೋಯ್ತದ್ಲಾ?"