ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಪುನರ್ವಸು ಮಳೆ ಹಿಡಿಯಿತೆಂದರೆ ನಮಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ, ನವುಲೆ ದಾಟಿ ತುಸು ಮುಂದೆ ಹೋದರೆ ನಮ್ಮದೊಂದು ಸಣ್ಣ ನರ್ಸರಿ ಇದೆ. ಅಡಿಕೆ ಸಸಿ, ಕಾಳುಮೆಣಸಿನ ಬಳ್ಳಿ, ಒಂದಷ್ಟು ತೆಂಗು, ಹೂವಿನ ಗಿಡ. ವರ್ಷದ ಸಂಪಾದನೆಯ ಮುಕ್ಕಾಲು ಪಾಲು ಈ ಎರಡು ತಿಂಗಳ ಮಳೆಯಲ್ಲೇ ಆಗಬೇಕು. ಬೆಳಿಗ್ಗೆ ಆರಕ್ಕೆಲ್ಲ ಪಿಕಪ್‌ನಲ್ಲಿ ಸಸಿ ತುಂಬಿಕೊಂಡು ಅಬ್ಬಲಗೆರೆ ಮೇಲೆ ಸವಳಂಗ, ಶಿಕಾರಿಪುರದ ಕಡೆ ಹೊರಡಬೇಕು. ಗುಂಡಿ ತೋಡಿಸಿ, ಆಳು ಕರೆಸಿ, ಕೊಪ್ಪೆ ಹೊದ್ದು ಕಾಯುತ್ತಿರುವ ರೈತನಿಗೆ "ಗಾಡಿ ಸ್ಟಾರ್ಟ್ ಆಗಲಿಲ್ಲ ಸ್ವಾಮೀ" ಎಂದು ಫೋನಿನಲ್ಲಿ ಹೇಳುವುದಿದೆಯಲ್ಲ, ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ.

ಆ ಅವಮಾನ ನನಗೆ ಒಂದೇ ವಾರದಲ್ಲಿ ಮೂರು ಸಲ ಆಯಿತು.

ಕೀಲಿ ತಿರುಗಿಸಿದರೆ ಎಂಜಿನ್ "ಗುರ್..." ಎಂದು ಒಂದು ಸುತ್ತು ಬಂದು, ಮುದುಕ ಮೆಟ್ಟಿಲು ಹತ್ತಿದ ಹಾಗೆ ನಿಂತು, ಮತ್ತೆ "ಗುರ್..." ಎನ್ನುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಇದು ಸಾಲದು. ಪೆಟ್ರೋಲ್ ಗಾಡಿಯಲ್ಲಿದ್ದಂತೆ ಇದರಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಒಳಗೆಳೆದ ಗಾಳಿಯನ್ನು ಹದಿನೆಂಟು ಇಪ್ಪತ್ತು ಪಟ್ಟು ಹಿಂಡಿದಾಗ ಅದು ಕಾಯುತ್ತದೆ; 500 ಡಿಗ್ರಿ ದಾಟಿದ ಆ ಗಾಳಿಗೆ ಡೀಸೆಲ್ ಸಿಡಿಸಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಿಂಡುವುದು ನಿಧಾನವಾದರೆ ಗಾಳಿಯೂ ಸೋರುತ್ತದೆ, ಕಾವೂ ಆರುತ್ತದೆ. ಎಷ್ಟು ಹೊತ್ತು ಕೀಲಿ ತಿರುಗಿಸಿದರೂ ಅಷ್ಟೆ.

ನನಗೆ ಕಾರಣ ಹುಡುಕಲು ಒಂದು ನಿಮಿಷವೂ ಬೇಕಾಗಲಿಲ್ಲ. ಕಾರಣ ಮನೆಯಲ್ಲೇ ಇತ್ತು. ನಮ್ಮ ಮಗ ಆಗ ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಅಜ್ಜಿಯ ಟಿವಿ ಗಲಾಟೆಯಿಂದ ತಪ್ಪಿಸಿಕೊಳ್ಳಲು ರಾತ್ರಿ ಊಟವಾದ ಮೇಲೆ ಶೆಡ್ಡಿನಲ್ಲಿ ನಿಂತ ಪಿಕಪ್‌ನಲ್ಲಿ ಕೂತು, ಒಳಗಿನ ಪುಟ್ಟ ದೀಪ ಹಾಕಿಕೊಂಡು ಓದುತ್ತಿದ್ದ. ಜೊತೆಗೆ ಮೆಲ್ಲಗೆ ಆಕಾಶವಾಣಿ ಭದ್ರಾವತಿ. ಮೊದಲ ದಿನ ಗಾಡಿ ಮುಷ್ಕರ ಹೂಡಿದಾಗಲೇ ನಾನು ತೀರ್ಪು ಕೊಟ್ಟುಬಿಟ್ಟೆ. "ರಾತ್ರಿಯೆಲ್ಲ ರೇಡಿಯೋ ಹಾಕಿಕೊಂಡು ಬ್ಯಾಟರಿ ಖಾಲಿ ಮಾಡಿದವನು ನೀನು. ಓದೋದು ಅಂತ ಒಂದು ನೆಪ." ಲೋಡು ಮಾಡಲು ಬಂದಿದ್ದ ಇಬ್ಬರು ಆಳುಗಳ ಎದುರೇ ಹೇಳಿದೆ. ಅವನು ಏನೋ ಹೇಳಲು ಬಂದ. ಎದುರುತ್ತರ ಬೇಡ ಎಂದೆ.

ಮಾರನೆಯ ದಿನ ಊಟದ ಮೇಜಿನ ಮೇಲೆ ನೋಟ್‌ಬುಕ್ಕಿನಿಂದ ಹರಿದ ಒಂದು ಹಾಳೆ ಇತ್ತು. ಏನೇನೋ ಲೆಕ್ಕ. ಸರಿಯಾಗಿ ನೋಡದೆ ಅದನ್ನು ಮಡಚಿ ಷರಟಿನ ಜೇಬಿಗೆ ಹಾಕಿಕೊಂಡೆ. ಅವತ್ತಿನಿಂದ ಅವನು ಗಾಡಿಯ ಹತ್ತಿರ ಸುಳಿಯಲಿಲ್ಲ, ನನ್ನ ಹತ್ತಿರವೂ.

ಅವನು ಗಾಡಿಯಲ್ಲಿ ಕೂರುವುದು ನಿಂತ ಮೇಲೂ ಗಾಡಿ ಹಾಗೇ ಗೊರಗೊರ ಎನ್ನುತ್ತಿತ್ತು. ಬುದ್ಧಿಯಿದ್ದವನಿಗೆ ಅಲ್ಲೇ ಸಂಶಯ ಬರಬೇಕಿತ್ತು. ನಾನು ಮಾತ್ರ, ಒಮ್ಮೆ ಬರಿದಾದ ಬ್ಯಾಟರಿ ಕೆಟ್ಟೇ ಹೋಗಿದೆ ಎಂದುಕೊಂಡು ಏಳು ಸಾವಿರ ಚಿಲ್ಲರೆ ಕೊಟ್ಟು ಹೊಸದು ತಂದೆ. ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಟ್ಟೂ ಆಯಿತು. ಮಳೆಯೂ ಎರಡು ದಿನ ಬಿಡುವು ಕೊಟ್ಟಿತು, ಗಾಡಿಯೂ ತಕರಾರಿಲ್ಲದೆ ಹೊರಟಿತು. "ನೋಡಿದೆಯಾ?" ಎಂದು ಹೆಂಡತಿಗೆ ಹೇಳಿದೆ. ಐದನೆಯ ದಿನ ಮಳೆ ಮರಳಿತು. ಹೊಸ ಬ್ಯಾಟರಿಯಲ್ಲೂ ಅದೇ ಮುದುಕ, ಅದೇ ಮೆಟ್ಟಿಲು.

ಆಗ ನೆನಪಾದವರು ನಮ್ಮ ಪರಿಚಯದ ಹಿರಿಯರೊಬ್ಬರು. 1923ರಲ್ಲಿ ಉತ್ಪಾದನೆ ಶುರುಮಾಡಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಕೆಲಸ ಮಾಡಿ ನಿವೃತ್ತರಾದವರು. ಬಂದವರೇ ಗಾಡಿಯನ್ನು ಮುಟ್ಟಲಿಲ್ಲ. ಮೊದಲು ನನ್ನನ್ನು ಪ್ರಶ್ನಿಸಿದರು. ಯಾವಾಗಿನಿಂದ? ಮಳೆಯ ದಿನ ಹೆಚ್ಚೋ? ಸ್ಟಾರ್ಟ್ ಮಾಡುವಾಗ ಹೆಡ್‌ಲೈಟು ಮಂಕಾಗುತ್ತದೋ ಇಲ್ಲವೋ? ಕೊನೆಯದು ನನಗೆ ಗೊತ್ತಿರಲಿಲ್ಲ. "ಮಗನನ್ನು ಕರೆಯಿರಿ, ಮೀಟರು ಹಿಡಿಯಲು ಒಬ್ಬರು ಬೇಕು" ಎಂದರು. ಅವನು ಬಂದ. ನನ್ನ ಮುಖ ನೋಡಲಿಲ್ಲ.

ಗೇರು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಹೊತ್ತಿಕೊಳ್ಳದಿರಲೆಂದು ಡೀಸೆಲ್ ಬಿಡುವ ಸೊಲೆನಾಯ್ಡಿನ ವೈರು ತೆಗೆದರು. ನಾನು ಕೀಲಿ ತಿರುಗಿಸುವುದು, ಒಂದು ಸಲಕ್ಕೆ ಐದೇ ಸೆಕೆಂಡು. ಮಗ ಮಲ್ಟಿಮೀಟರ್ ಓದುವುದು.

ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್. ಅಂದರೆ ತುಂಬಿದೆ. ಅದೇ 12.2 ಇದ್ದರೆ ಅರ್ಧ ಖಾಲಿ ಎಂದು ಲೆಕ್ಕ. ಕೀಲಿ ತಿರುಗಿಸಿದಾಗ 11.3. ಹೆಡ್‌ಲೈಟಿನ ಬೆಳಕು ಹೆಚ್ಚು ಕುಗ್ಗಲಿಲ್ಲ. "ಬಳಲಿದ ಬ್ಯಾಟರಿಯಾದರೆ ಒಂಬತ್ತೂವರೆಗಿಂತ ಕೆಳಗೆ ಬೀಳಬೇಕಿತ್ತು. ಇದು ಸುಸ್ತಾಗಿಲ್ಲ. ಇದಕ್ಕೆ ಪೂರ್ತಿ ಕೆಲಸ ಮಾಡಲು ನಿಮ್ಮ ಗಾಡಿ ಬಿಡುತ್ತಲೇ ಇಲ್ಲ" ಎಂದರು.

ಆಮೇಲೆ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಸ್ಟಾರ್ಟರ್ ಮೋಟಾರಿನ ದಪ್ಪ ಬೋಲ್ಟಿಗೂ ಇಡಿಸಿದರು. ಕೀಲಿ ತಿರುಗಿಸಿದಾಗ 0.3 ವೋಲ್ಟ್. ಅರ್ಧ ವೋಲ್ಟಿನವರೆಗೆ ನಷ್ಟವಾದರೂ ಚಿಂತೆಯಿಲ್ಲವಂತೆ. ಕೊನೆಗೆ ಬ್ಯಾಟರಿಯ ಮೈನಸ್ಸಿಗೆ ಒಂದು ಮೊನೆ, ಎಂಜಿನ್ನಿನ ಮೈಗೆ ಇನ್ನೊಂದು. ಇಲ್ಲಿ ಹೆಚ್ಚೆಂದರೆ 0.2 ಬರಬೇಕು. ಮಗ ಓದಿದ: "2.4." ನಂಬಲಾಗದೆ ಇನ್ನೊಮ್ಮೆ ಓದಿದ. ಅದೇ 2.4. ಬ್ಯಾಟರಿ ಕೊಟ್ಟ 11.3ರಲ್ಲಿ ದಾರಿಯಲ್ಲೇ 2.7 ಕರಗಿ, ಸ್ಟಾರ್ಟರಿಗೆ ಸಿಗುತ್ತಿದ್ದದ್ದು 8.6 ಮಾತ್ರ.

ಇದನ್ನು ತುಸು ಬಿಡಿಸಿ ಹೇಳಬೇಕು. ಎಂಜಿನ್ ಕೂತಿರುವುದು ರಬ್ಬರಿನ ದಿಂಡುಗಳ ಮೇಲೆ. ರಬ್ಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದ್ದರಿಂದ ಎಂಜಿನ್ನಿಗೂ ಚಾಸಿಗೂ ನಡುವೆ ತಾಮ್ರದ ಹೆಣಿಗೆಯ ಒಂದು ಅರ್ಥ್ ಪಟ್ಟಿ ಇರುತ್ತದೆ. ಸ್ಟಾರ್ಟರಿಗೆ ಹೋದ ವಿದ್ಯುತ್ ಬ್ಯಾಟರಿಗೆ ಮರಳುವ ದಾರಿ ಅದೇ. ಆ ದಾರಿ ಕೆಟ್ಟರೆ ವಿದ್ಯುತ್ ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲುಗಳ ಒಳದಾರಿ ಹಿಡಿದು ಅವುಗಳನ್ನೇ ಸುಡುವುದೂ ಉಂಟು.

ಗಾಡಿಯಡಿ ತೂರಿ ಆ ಪಟ್ಟಿಯ ಬೋಲ್ಟು ಬಿಚ್ಚಿದಾಗ ಸಿಕ್ಕಿದ್ದು ಕರಿ ಬಣ್ಣ. ಅದರ ಮೇಲೆ ತುಕ್ಕು. "ಚಾಸಿಗೆ ಬಣ್ಣ ಹೊಡೆಸಿದವರು ಯಾರು?" ಎಂದು ಕೇಳಿದರು.

ನಾನು. ಫೆಬ್ರವರಿಯಲ್ಲಿ, ಎಫ್.ಸಿ.ಗೆ ಹೋಗುವ ಮುಂಚೆ. ಗಾಡಿ ಚೆನ್ನಾಗಿ ಕಾಣಲಿ ಎಂದು ನಾನೇ ನಿಂತು ಹೊಡೆಸಿದ್ದೆ. ಪಟ್ಟಿ ಬಿಚ್ಚಿ, ಬಣ್ಣ ಬಳಿದು, ಆ ಬಣ್ಣದ ಮೇಲೆಯೇ ಮತ್ತೆ ಬಿಗಿದಿದ್ದರು. ಬೇಸಿಗೆಯಲ್ಲಿ ಬೋಲ್ಟಿನ ಎಳೆಗಳ ಮೂಲಕ ಹೇಗೋ ಕೆಲಸ ನಡೆಯಿತು. ಮಳೆನೀರು ಇಳಿದು, ನಾವು ಹೇರುವ ಗೊಬ್ಬರದ ಚೀಲದ ಉಪ್ಪೂ ಸೇರಿ ತುಕ್ಕು ಹಿಡಿದಾಗ ಆ ದಾರಿಯೂ ಮುಚ್ಚುತ್ತಾ ಬಂತು.

ಉಪ್ಪುಕಾಗದದಿಂದ ಉಜ್ಜಿ ಲೋಹ ಬೆಳ್ಳಗೆ ಕಾಣಿಸಿ, ಬಿಗಿದು, ಮೇಲೆ ಗ್ರೀಸು ಸವರಲು ಅರ್ಧ ಗಂಟೆ. ಈಗ ಮೀಟರು 0.1. ಸೊಲೆನಾಯ್ಡಿನ ವೈರು ಸಿಕ್ಕಿಸಿ ಕೀಲಿ ಮುಟ್ಟಿದ್ದೇ ತಡ, ಎಂಜಿನ್ ಎದ್ದು ನಿಂತಿತು.

"ವೈರು ಸರಿಯಿದೆಯೋ ಎಂದು ಮೀಟರಿನಲ್ಲಿ ಓಮ್ ಅಳೆದರೆ ಸಾಕಲ್ಲವೇ?" ಎಂದು ಮಗ ಕೇಳಿದ. ಹಿರಿಯರಿಗೆ ಖುಷಿಯಾಯಿತು. "ಲೆಕ್ಕ ಹಾಕು" ಎಂದರು. ಸ್ಟಾರ್ಟರ್ ಎಳೆಯುತ್ತಿದ್ದದ್ದು 150 ಆಂಪಿಯರ್ ಎಂದಿಟ್ಟುಕೊಂಡರೆ 2.4 ವೋಲ್ಟನ್ನು ಅದರಿಂದ ಭಾಗಿಸಬೇಕು. 0.016 ಓಮ್. ಮೀಟರಿನ ಸ್ವಂತ ವೈರುಗಳ ತಡೆಯೇ ಇದರ ಹತ್ತು ಪಟ್ಟು ಇರುತ್ತದೆ. ಸುಮ್ಮನೆ ಅಳೆದರೆ ಅದು "ಎಲ್ಲ ಸರಿ" ಎಂದೇ ಹೇಳುತ್ತದೆ. ಭಾರ ಹೊತ್ತಾಗ ಮಾತ್ರ ದೋಷ ಕಾಣುತ್ತದೆ. ಅದಕ್ಕೇ ಕೀಲಿ ತಿರುಗಿಸಿದಾಗಲೇ ಅಳೆಯಬೇಕು.

ವಿದ್ಯಾರ್ಥಿಗಳೇ, ನೀವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಓಮ್‌ನ ನಿಯಮ ಇಷ್ಟು ಹತ್ತಿರದ್ದು. ಗೇಯಾರ್ಗ್ ಓಮ್ ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟರಾಗಿದ್ದವನು. ಅವನ ಅಪ್ಪ ಬೀಗ ಮಾಡುವ ಕಸುಬುದಾರ. ತಾನೇ ಓದಿಕೊಂಡು ಮಕ್ಕಳಿಗೆ ಗಣಿತ ಹೇಳಿಕೊಟ್ಟವನು. ಓಮ್ ತನ್ನ ನಿಯಮವನ್ನು 1827ರಲ್ಲಿ ಪ್ರಕಟಿಸಿದಾಗ ಅವನ ನಾಡಿನ ವಿದ್ವಾಂಸರು ಆದರಿಸಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿದ್ದು 1841ರಲ್ಲಿ. ಸರಿಯಾದ ಲೆಕ್ಕ ಮಾಡಿದವನು ಹದಿನಾಲ್ಕು ವರ್ಷ ಕಾಯಬೇಕಾಯಿತು.

ನಮ್ಮ ಮನೆಯ ಲೆಕ್ಕಿಗನ ಹಾಳೆ ಆ ರಾತ್ರಿ ನನಗೆ ನೆನಪಾಯಿತು. ಗೂಟಕ್ಕೆ ನೇತುಹಾಕಿದ್ದ ಷರಟಿನ ಜೇಬಿನಿಂದ ತೆಗೆದು ಓದಿದೆ. ರೇಡಿಯೋ ಸುಮಾರು 1 ಆಂಪಿಯರ್. ದೀಪ 5 ವ್ಯಾಟ್, ಅಂದರೆ ಅರ್ಧ ಆಂಪಿಯರಿಗಿಂತ ಕಡಿಮೆ. ಎರಡು ಗಂಟೆಗೆ ಎರಡೂ ಸೇರಿ 3 ಆಂಪಿಯರ್-ಅವರ್ ಮೀರದು. ಬ್ಯಾಟರಿಯಲ್ಲಿರುವುದು 75. ನೂರಕ್ಕೆ ನಾಲ್ಕು. ಕೆಳಗೆ ಒಂದೇ ಸಾಲು: "ಇಷ್ಟರಿಂದ ಗಾಡಿ ನಿಲ್ಲುವುದಿಲ್ಲ ಅಪ್ಪ, ಬೇರೆ ಏನೋ ಇದೆ." ಹತ್ತು ದಿನ ಈ ಹಾಳೆ ನನ್ನ ಎದೆಯ ಮೇಲೇ ಇತ್ತು. ಅಷ್ಟು ದಿನದಲ್ಲಿ ಒಮ್ಮೆ ಓದಿದ್ದರೆ ಏಳು ಸಾವಿರವೂ ಉಳಿಯುತ್ತಿತ್ತೇನೋ. ಹಳೆಯ ಬ್ಯಾಟರಿ ಚೆನ್ನಾಗಿತ್ತೋ ಇಲ್ಲವೋ ಇನ್ನು ತಿಳಿಯುವಂತಿಲ್ಲ. ಅದು ಎಕ್ಸ್‌ಚೇಂಜಿನಲ್ಲಿ ಹೋಯಿತು.

ಗಾಡಿ ಇರುವ ಮನೆಯವರಿಗೆ ಎರಡು ಮಾತು. ಸ್ಟಾರ್ಟ್ ಆಗಲು ಗೊಣಗಿದರೆ ಬ್ಯಾಟರಿ ಅಂಗಡಿಗೆ ಓಡಬೇಡಿ. ಮೊದಲು ಟರ್ಮಿನಲ್ಲುಗಳ ಮೇಲಿನ ಬಿಳಿ ಹಿಟ್ಟು ತೆಗೆಯಿರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಬ್ಯಾಟರಿಯ ಹತ್ತಿರ ಬೀಡಿ, ಬೆಂಕಿ ಬೇಡ. ಅದರಿಂದ ಹೊರಡುವ ಹೈಡ್ರೋಜನ್ ಸಿಡಿಯಬಲ್ಲದು. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಬಂದರೆ ಆಲ್ಟರ್ನೇಟರ್ ಕ್ಷೇಮ. ನಂತರ ಎರಡೂ ಕಡೆಯ ದಾರಿ ಅಳೆಯಿರಿ. ಎಲ್ಲವೂ ಸರಿಯಿದ್ದರೆ ಆಮೇಲೆ ಸ್ಟಾರ್ಟರಿನ ಬ್ರಷ್ಷು, ಬುಷ್ಷುಗಳ ವಿಚಾರ. ಮಲ್ಟಿಮೀಟರಿನ ಬೆಲೆ ಕೆಲವು ನೂರು ರೂಪಾಯಿ.

ಮಕ್ಕಳಿರುವ ಮನೆಯವರಿಗೆ ಹೇಳಲು ನನಗೆ ಯೋಗ್ಯತೆಯಿಲ್ಲ. ಆದದ್ದನ್ನಷ್ಟೇ ಹೇಳುತ್ತೇನೆ. ಮಾರನೆಯ ಬೆಳಿಗ್ಗೆ ಸಸಿ ತುಂಬುವ ಹೊತ್ತಿಗೆ, ಅದೇ ಇಬ್ಬರು ಆಳುಗಳಿದ್ದಾಗಲೇ ಮಗನನ್ನು ಕರೆದು "ತಪ್ಪು ನನ್ನದು. ನಿನ್ನ ಲೆಕ್ಕ ಸರಿಯಿತ್ತು, ನಾನು ಓದಲಿಲ್ಲ" ಎಂದೆ. ಹೇಳುವುದಕ್ಕೆ ಮುಂಚೆ ಎರಡು ಸಲ ಗಂಟಲು ಸರಿಮಾಡಿಕೊಂಡೆ. ಅವನು "ಹ್ಞೂಂ" ಎಂದು ಕಾಲೇಜಿಗೆ ಹೊರಟ.

ಅರ್ಥ್ ಪಟ್ಟಿ ಅರ್ಧ ಗಂಟೆಯಲ್ಲಿ ಸರಿಹೋಯಿತು. ಶೆಡ್ಡಿನಿಂದ ಮತ್ತೆ ಭದ್ರಾವತಿ ಆಕಾಶವಾಣಿ ಕೇಳಿಸಿದ್ದು ಪುಷ್ಯ ಮಳೆ ಮುಗಿಯುತ್ತಾ ಬಂದಾಗ.