ನಮ್ಮ ಹುಳು ಮನೆ

ನಮ್ಮ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ರೇಷ್ಮೆ ಹುಳು ಸಾಕದ ಊರು ಹುಡುಕಿದರೂ ಸಿಗುವುದು ಕಷ್ಟ. ಆದ್ದರಿಂದ ಹುಳುವಿನ ವಿಷಯ ನಿಮಗೆಲ್ಲ ಗೊತ್ತೇ ಇದೆ. ನಾನು ಬರೆಯುವುದು ಹುಳುವಿಗೆ ನಾವೇ ಕಟ್ಟಿದ ಮನೆಯ ಬಗ್ಗೆ.

ಮೊದಲು ನಮಗೆ ಬೇರೆ ಹುಳು ಮನೆ ಇರಲಿಲ್ಲ. ನಡುಮನೆಯಲ್ಲೇ ಬಿದಿರಿನ ತಟ್ಟೆಗಳು. ಹುಳು ದೊಡ್ಡದಾದರೆ ನಾವೆಲ್ಲ ಜಗಲಿಯಲ್ಲಿ ಮಲಗಬೇಕು. ತಾತ ಬೀಡಿ ಸೇದಲು ಬೀದಿಗೆ ಹೋಗಬೇಕು. (ಇದರಿಂದ ಅಜ್ಜಿಗೆ ಮಾತ್ರ ಖುಷಿ.) ಕಳೆದ ವರ್ಷ ಎರಡು ಬೆಳೆ ಹೋಯಿತು. ಒಂದಕ್ಕೆ ಸುಣ್ಣಕಟ್ಟು ರೋಗ ಬಂದು ಹುಳು ಸತ್ತು ಸೀಮೆಸುಣ್ಣದ ಹಾಗೆ ಗಟ್ಟಿಯಾದವು. ಇನ್ನೊಂದಕ್ಕೆ ಊಜಿ ನೊಣ. ಅಪ್ಪ, "ಹಿಪ್ಪುನೇರಳೆ ಕಿತ್ತಾಕಿ ಬೆಂಗಳೂರಿಗೆ ಕೆಲಸಕ್ಕೆ ಹೋಗೋಣ" ಅಂದರು. ಹೋದರೆ ನಾನು ಈ ಶಾಲೆ ಬಿಡಬೇಕಿತ್ತು. ಅಮ್ಮ ಒಪ್ಪಲಿಲ್ಲ. "ಬೇರೆ ಮನೆ ಕಟ್ಟಿ ಇನ್ನೊಂದು ಬೆಳೆ ನೋಡೋಣ" ಅಂತ ಓಲೆ ಬಿಚ್ಚಿ ಕೊಟ್ಟರು. ಅದನ್ನು ಅಡವಿಟ್ಟರು.

ಕೊಟ್ಟಿಗೆ ಪಕ್ಕ 25 ಅಡಿ ಉದ್ದ, 18 ಅಡಿ ಅಗಲ ಜಾಗ. ನೀಲಗಿರಿ ಕಂಬ, ಇಟ್ಟಿಗೆ ಗೋಡೆ, ಮೇಲೆ ಶೀಟು. ಹುಳುವಿಗೆ 25 ಡಿಗ್ರಿ ಆಸುಪಾಸು ಇದ್ದರೆ ಹಿತ. ಬರೀ ಶೀಟು ಕಾದು ಕೆಂಡವಾಗುತ್ತೆ, ಅದಕ್ಕೆ ಮೇಲೆ ತೆಂಗಿನ ಗರಿ ಹೊದಿಸಿದೆವು. ಒಳಗೆ ಬಿದಿರಿನ ಎರಡು ಸ್ಟ್ಯಾಂಡು, ಒಂದೊಂದಕ್ಕೆ ನಾಲ್ಕು ಅಂತಸ್ತು. ಇರುವೆ ಹತ್ತಬಾರದೆಂದು ಪ್ರತಿ ಕಾಲಿನ ಕೆಳಗೂ ನೀರಿನ ಬಟ್ಟಲು. ಬಟ್ಟಲಿಗೆ ನೀರು ತುಂಬುವುದು ನನ್ನ ಕೆಲಸ.

ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಕಿಟಕಿಗೆ ನೈಲಾನ್ ಪರದೆ ಹೊಡೆಯುವುದು. ಊಜಿ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ನಮ್ಮ ರಾಜ್ಯಕ್ಕೆ ಬಂತಂತೆ. ಅದು ಹುಳುವಿನ ಮೈಮೇಲೆ ಚಿಕ್ಕ ಬಿಳಿ ಮೊಟ್ಟೆ ಇಡುತ್ತೆ. ಮರಿ ಒಳಗೆ ತೂರಿದ ಕಡೆ ಕಪ್ಪು ಮಚ್ಚೆ. ಹುಳು ಗೂಡು ಕಟ್ಟಿದರೂ ಊಜಿ ಮರಿ ಅದನ್ನು ಕೊರೆದು ಆಚೆ ಬರುತ್ತೆ. ಗೂಡಿನಲ್ಲಿರುವುದು ಒಂದೇ ಉದ್ದ ಎಳೆ, ತೂತಾದರೆ ನೂಲು ಬಿಚ್ಚಲು ಆಗುವುದಿಲ್ಲ. ಆದ್ದರಿಂದ ಬಾಗಿಲಿಗೂ ಎರಡು ಪರದೆ. ಒಂದು ಮುಚ್ಚಿದ ಮೇಲೆ ಇನ್ನೊಂದು ತೆಗೆಯಬೇಕು.

ಇನ್ನೂ ಚಾಕಿ ತರುವ ಮೊದಲೇ ಇಲಿ ಬಂತು, ಇಲಿ ಹಿಂದೆ ಒಂದು ಕೇರೆ ಹಾವು ಬಂತು. ಮಾವನ ಮಗ, "ಹೊರದೇಶದಲ್ಲಿ ಗಾಜಿನ ಪೆಟ್ಟಿಗೆ ಮಾಡಿ ಹಾವು ಸಾಕಿ ಮರಿ ಮಾಡಿಸ್ತಾರಂತೆ, ನಾವೂ ಸಾಕೋಣ ಕಣೇ" ಅಂದ. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಹಾವುಗಳನ್ನು ಹಿಡಿದು ಸಾಕುವಂತಿಲ್ಲ ಎಂದರು. ಕೇರೆಗೆ ವಿಷವೂ ಇಲ್ಲ, ಇಲಿ ಬೇರೆ ತಿನ್ನುತ್ತೆ. ಅದರ ಪಾಡಿಗೆ ಬಿಟ್ಟೆವು.

ಬ್ಲೀಚಿಂಗ್ ಪೌಡರ್ ಹೊಡೆದು ತೊಳೆದ ಮೇಲೆ, ಎರಡನೇ ಜ್ವರ ಎದ್ದ ಚಾಕಿ ತಂದೆವು, ನೂರು ಮೊಟ್ಟೆಯದು. ಕೊನೇ ಜ್ವರ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ರಾತ್ರಿ ತಿನ್ನುವ ಸದ್ದು ತುಂತುರು ಮಳೆ ಹಾಗೆ. ಅಪ್ಪ ಬ್ಯಾಟರಿ ಹಿಡಿದು ಒಂದೊಂದು ಅಂತಸ್ತೂ ಬಗ್ಗಿ ನೋಡುವರು, ಏನೂ ಮಾತಾಡುತ್ತಿರಲಿಲ್ಲ. ನಾನು ಕಪ್ಪು ಮಚ್ಚೆ ಹುಡುಕಿದೆ. ಹನ್ನೊಂದು ಹುಳು ಸಿಕ್ಕವು. ಮೊದಲು ಇಂಥವು ಬೊಗಸೆ ಬೊಗಸೆ ಸಿಗುತ್ತಿದ್ದವು.

ಹುಳು ಹಣ್ಣಾದಾಗ ಚಂದ್ರಂಕಿಗೆ ಬಿಡಲು ಬೀದಿಯವರೆಲ್ಲ ಬಂದರು. ಶಿಡ್ಲಘಟ್ಟ ಮಾರುಕಟ್ಟೆಯಲ್ಲಿ 68 ಕೆಜಿ ಗೂಡು ತೂಗಿತು, ಹರಾಜಿನಲ್ಲಿ ಕೆಜಿಗೆ 520 ರೂಪಾಯಿ ಬಂತು. ಅಪ್ಪ ಬರುವಾಗಲೇ ಓಲೆ ಬಿಡಿಸಿಕೊಂಡು ಬಂದರು. ಶೀಟಿನ ಅಂಗಡಿ ಸಾಲ ಇನ್ನೂ ಇದೆ. ಬೆಂಗಳೂರಿನ ಮಾತು ಸದ್ಯಕ್ಕೆ ಯಾರೂ ಎತ್ತಿಲ್ಲ.

ಈಗ ಎರಡನೇ ಬೆಳೆ ಮೂರನೇ ಜ್ವರಕ್ಕೆ ಕೂತಿದೆ. ನೋಡಲು ಬರುವವರು ಬನ್ನಿ, ಆದರೆ ಕೈಕಾಲು ತೊಳೆದು ಬರಬೇಕು. ಮೊದಲನೇ ಪರದೆ ಮುಚ್ಚದೆ ಎರಡನೆಯದು ತೆಗೆದರೆ ಅಜ್ಜಿ ಬೈಯುತ್ತಾರೆ, ಮೇಷ್ಟ್ರಾದರೂ ಸರಿ.